ತಿರುಗಬೇಕಾದ ಕೀಲು ಮಲಗಿದರೆ, ನೋಯುವುದು ಪಕ್ಕದ ಕೀಲು

ಕಟಿಂಗ್ ಮುಗಿಯುತ್ತದೆ. ಪೌಡರ್ ಬಳಿದು, ಕೂದಲು ಕೊಡವಿ, ತಲೆಗೆ ಮೆಲ್ಲಗೆ ನಾಲ್ಕು ತಟ್ಟು ತಟ್ಟಿ, ಕೊನೆಗೆ ಒಂದು ಕೈ ಗದ್ದಕ್ಕೆ, ಇನ್ನೊಂದು ಕೈ ತಲೆಯ ಹಿಂದಕ್ಕೆ. ‘ಕತ್ತು ಸಡಿಲ ಬಿಡಿ ಅಣ್ಣಾ.’ ಲಟಕ್. ಆ ಕಡೆಗೂ ಒಮ್ಮೆ, ಲಟಕ್. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ನನ್ನ ಹತ್ತಿರ ಕತ್ತು ನೋವು ಅಂತ ಬರುವ ಗಂಡಸರಲ್ಲಿ ಇದನ್ನು ಮಾಡಿಸಿಕೊಂಡಿರದವರು ಕಡಿಮೆ. ಈಗ ಮೊಬೈಲಿನಲ್ಲಿ ಇದರದ್ದೇ ರೀಲ್ಸ್ ಬೇರೆ. ಸದ್ದು ಜೋರಾದಷ್ಟೂ ಲೈಕು ಜಾಸ್ತಿ.

2024 ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ನಮಗೆ ಹತ್ತಿರದ ಬಳ್ಳಾರಿಯ 30 ವರ್ಷದ ಯುವಕ. ಸಲೂನಿನಲ್ಲಿ ತಲೆ ಮಸಾಜ್ ಮಾಡುವಾಗ ಕತ್ತನ್ನು ಜೋರಾಗಿ ತಿರುಗಿಸಿದ್ದರು. ಮನೆಗೆ ಹೋದ ಮೇಲೆ ಮಾತು ತಡವರಿಸಿತು, ಮೈಯ ಎಡಭಾಗ ಸೋತಿತು. ಕತ್ತಿನ ರಕ್ತನಾಳ ಒಳಗಿನಿಂದ ಹರಿದು ಪಾರ್ಶ್ವವಾಯು ಆಗಿತ್ತು. ಹೀಗಾಗುವುದು ಅಪರೂಪ, ಅದನ್ನು ಒಪ್ಪುತ್ತೇನೆ. ಆದರೆ ಯಾಕಾಗುತ್ತದೆ ಎಂದು ತಿಳಿದುಕೊಂಡರೆ ಕತ್ತಿನದ್ದಷ್ಟೇ ಅಲ್ಲ, ಭುಜ, ಮೊಣಕಾಲು, ಸೊಂಟದ ಎಷ್ಟೋ ನೋವಿನ ಗುಟ್ಟು ಗೊತ್ತಾಗುತ್ತದೆ.

ಬೀಸುಕಲ್ಲು ನೋಡಿದ್ದೀರಲ್ಲ? ಕೆಳಗಿನ ಕಲ್ಲಿನ ನಡುವೆ ಒಂದು ಗೂಟ, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳಿವೆ, ನಮ್ಮ ಕಡೆಯ ಮಕ್ಕಳೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿಯೇ ಇರುತ್ತಾರೆ. ನಮ್ಮ ಕತ್ತಿನ ತುದಿಯಲ್ಲೂ ಒಂದು ಪುಟ್ಟ ಬೀಸುಕಲ್ಲಿದೆ. ಕತ್ತಿನ ಎರಡನೇ ಮೂಳೆಯಿಂದ ಗೂಟದಂಥ ಒಂದು ಮೂಳೆ ಮೇಲಕ್ಕೆ ಎದ್ದಿರುತ್ತದೆ. ತಲೆಯನ್ನು ಹೊತ್ತ ಮೊದಲನೇ ಮೂಳೆ ಆ ಗೂಟದ ಸುತ್ತ ತಿರುಗುತ್ತದೆ. ಕತ್ತಿನಲ್ಲಿ ಮೂಳೆ ಏಳಿದ್ದರೂ ನಾವು ತಲೆ ತಿರುಗಿಸುವಾಗ ಸುಮಾರು ಅರ್ಧ ತಿರುವು ಈ ಒಂದೇ ಜಾಗದಲ್ಲಿ ಆಗುತ್ತದೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ಪಕ್ಕದ ತೂತುಗಳಲ್ಲಿ ಪೋಣಿಸಿದ ಹಾಗೆ ಮೇಲೇರಿ, ಸರಿಯಾಗಿ ಇದೇ ಜಾಗದಲ್ಲಿ ಬಳುಕಿ ತಲೆಯೊಳಗೆ ಹೋಗುತ್ತವೆ. ಅಲ್ಲಿ ಥಟ್ಟನೆ ತಿರುಚಿದರೆ ಜಗ್ಗುವುದು ಮೂಳೆ ಒಂದೇ ಅಲ್ಲ.

ನಾವೇ ತಲೆ ತಿರುಗಿಸಿದಾಗ ಹೀಗೆ ಆಗುವುದಿಲ್ಲ, ಯಾಕೆ? ಬ್ರೇಕು ಇರುತ್ತದೆ. ಸ್ನಾಯು ಅಂದರೆ ಎಳೆಯುವ ವಸ್ತು ಎಂದು ನಾವು ತಿಳಿದಿದ್ದೇವೆ. ಅದರ ಅರ್ಧ ಕೆಲಸ ಮಾತ್ರ ಅದು. ಉಳಿದರ್ಧ, ನನಗೆ ಕೇಳಿದರೆ ಅದಕ್ಕಿಂತ ದೊಡ್ಡ ಕೆಲಸ, ತಡೆಯುವುದು. ಬಲಕ್ಕೆ ತಿರುಗಿಸುವ ಸ್ನಾಯು ಎಳೆಯುವಾಗ ಎಡಕ್ಕೆ ತಿರುಗಿಸುವ ಸ್ನಾಯು ಹಗ್ಗ ಬಿಟ್ಟ ಹಾಗೆ ನಿಧಾನಕ್ಕೆ ಉದ್ದವಾಗುತ್ತಾ, ಸಾಕು ಅನ್ನುವ ಜಾಗದಲ್ಲಿ ಬಿಗಿ ಹಿಡಿಯುತ್ತದೆ. ‘ಸಡಿಲ ಬಿಡಿ ಅಣ್ಣಾ’ ಎಂದಾಗ ನಾವು ಆ ಬ್ರೇಕನ್ನೇ ಕಳಚಿ ಬೇರೆಯವರ ಕೈಗೆ ಕೊಡುತ್ತೇವೆ.

ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದೂ ಅಲ್ಲ. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ, ಮೂಳೆಗಳನ್ನು ಥಟ್ಟನೆ ದೂರ ಎಳೆದಾಗ ಅದರಲ್ಲಿ ಗುಳ್ಳೆ ಏಳುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015 ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳಿನ ನೆಟಿಕೆ ಮುರಿದು ಇದನ್ನು ಚಿತ್ರದಲ್ಲೇ ತೋರಿಸಿದ್ದಾರೆ. ಕತ್ತು ತಿರುಗಿಸಿದ ಮೇಲೆ ಒಂದೇ ಕಡೆ ಹಿಂದೆಂದೂ ಇಲ್ಲದಂಥ ಕತ್ತು ನೋವು, ತಲೆನೋವು, ತಲೆಸುತ್ತು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು, ಇವುಗಳಲ್ಲಿ ಯಾವುದು ಬಂದರೂ ಮನೆಯಲ್ಲಿ ಮಲಗಬೇಡಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಅವಕಾಶ ಸುಮಾರು ನಾಲ್ಕೂವರೆ ಗಂಟೆ ಮಾತ್ರ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ನಮ್ಮ ಮೈಯಲ್ಲಿ ತಿರುವು ಎಲ್ಲ ಕೀಲಿಗೂ ಸಮನಾಗಿ ಹಂಚಿಲ್ಲ. ಕತ್ತು ಒಂದೊಂದು ಕಡೆಗೆ 70–80 ಡಿಗ್ರಿ ತಿರುಗುತ್ತದೆ. ಪಕ್ಕೆಲುಬು ಅಂಟಿಕೊಂಡಿರುವ ಬೆನ್ನಿನ ಹನ್ನೆರಡು ಮೂಳೆ ಸೇರಿ 30–35 ಡಿಗ್ರಿ. ತೊಡೆಯ ಬುಡದ ಕೀಲು, ಡಾಕ್ಟರು ಹಿಪ್ ಅನ್ನುತ್ತಾರಲ್ಲ ಅದು, ಒಳಕ್ಕೂ ಹೊರಕ್ಕೂ 40 ರ ಆಸುಪಾಸು. ಆದರೆ ಸೊಂಟದ ಐದು ಮೂಳೆ? ಒಂದೊಂದರ ನಡುವೆ ಒಂದೆರಡು ಡಿಗ್ರಿ, ಎಲ್ಲ ಕೂಡಿದರೂ ಹತ್ತರ ಆಚೀಚೆ. ನೇರ ನಿಂತ ಮೊಣಕಾಲಂತೂ ತಿರುಗುವುದೇ ಇಲ್ಲ ಅನ್ನಬಹುದು. ಮಡಚಿದಾಗ ಮಾತ್ರ ಅದಕ್ಕೆ ತಿರುವು ಸಿಗುತ್ತದೆ.

ಒಂದು ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು ಹೊಲ ಮಾಡುತ್ತಾರೆ ಅಂದುಕೊಳ್ಳಿ. ಒಬ್ಬ ಮಲಗಿದ ಅಂತ ಬಿತ್ತನೆ ನಿಲ್ಲುವುದಿಲ್ಲ. ಅವನ ಪಾಲಿನ ಕೆಲಸ ಇನ್ನೊಬ್ಬನ ಮೇಲೆ ಬೀಳುತ್ತದೆ. ಸಂಜೆ ಮೈಕೈ ನೋವು ಅನ್ನುವವನು ದುಡಿದವನು, ಮಲಗಿದವನಲ್ಲ. ನಾವು ಮಾಡುತ್ತಿರುವ ತಪ್ಪು ಇಲ್ಲೇ ಇದೆ. ಎಲ್ಲಿ ನೋವೋ ಅಲ್ಲಿಗೆ ಎಣ್ಣೆ, ಅಲ್ಲಿಗೆ ಪಟ್ಟಿ, ಅಲ್ಲಿಗೆ ಸ್ಕ್ಯಾನು. ಮಲಗಿದವನನ್ನು ಎಬ್ಬಿಸುವವರು ಯಾರೂ ಇಲ್ಲ. ಎಲ್ಲ ನೋವೂ ಹೀಗೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಸಂಧಿವಾತ, ಸೋಂಕು, ಮುರಿತ ಇವೆಲ್ಲ ಬೇರೆಯೇ. ಆದರೆ ದಿನಾ ಕಣ್ಣೆದುರು ಕಾಣುವ ಎಷ್ಟೋ ನೋವಿಗೆ ಈ ಲೆಕ್ಕ ಸರಿಹೊಂದುತ್ತದೆ.

ಭುಜವನ್ನೇ ತೆಗೆದುಕೊಳ್ಳಿ. ಚಮಚದ ಮೇಲೆ ಲಿಂಬೆಹಣ್ಣು ಇಟ್ಟು ಓಡುವ ಆಟ ಆಡಿದ್ದೀರಲ್ಲ, ಭುಜ ಅದೇ. ತೋಳಿನ ಮೂಳೆಯ ತಲೆ ಲಿಂಬೆಹಣ್ಣು, ಅದು ಕೂರುವ ಗುಳಿ ಚಮಚದಷ್ಟೇ ಆಳ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ಹೋಗುತ್ತದೆ. ಅದಕ್ಕೇ ಬೀಳುವುದೂ ಸುಲಭ. ಬೀಳದ ಹಾಗೆ ಹಿಡಿದಿರುವುದು ಮೂಳೆಯಲ್ಲ, ಸುತ್ತ ಇರುವ ನಾಲ್ಕು ಸಣ್ಣ ಸ್ನಾಯುಗಳು. ಅವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಒಂದು ಒಳಕ್ಕೆ ತಿರುಗಿಸುತ್ತದೆ, ಎರಡು ಹೊರಕ್ಕೆ ತಿರುಗಿಸುತ್ತವೆ, ಒಂದು ಮೇಲಿನಿಂದ ಎತ್ತಲು ಕೈಜೋಡಿಸುತ್ತದೆ. ನಾಲ್ಕೂ ಸೇರಿ ಮಾಡುವ ಮುಖ್ಯ ಕೆಲಸ ಮಾತ್ರ ಒಂದೇ, ಲಿಂಬೆಹಣ್ಣನ್ನು ಚಮಚದ ನಡುವೆ ಒತ್ತಿ ಹಿಡಿಯುವುದು.

ಈಗಲೇ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳು ನೆಲ ನೋಡುವ ಹಾಗೆ ಕೈಯನ್ನು ಒಳಕ್ಕೆ ತಿರುಗಿಸಿ, ತೋಳನ್ನು ಪಕ್ಕದಿಂದ ಮೇಲಕ್ಕೆ ಎತ್ತಿ. ಭುಜದ ಮಟ್ಟ ದಾಟುತ್ತಲೇ ಬಿಗಿಯುತ್ತದೆ. ಈಗ ಅಂಗೈ ಆಕಾಶ ನೋಡುವ ಹಾಗೆ ತಿರುಗಿಸಿ ಎತ್ತಿ. ಸಲೀಸಾಗಿ ಕಿವಿಯ ತನಕ ಹೋಯಿತು, ಅಲ್ವಾ? ತೋಳಿನ ಮೂಳೆಯ ತಲೆಯ ಮೇಲೆ ಒಂದು ಉಬ್ಬು ಇದೆ. ಹೊರಕ್ಕೆ ತಿರುಗದೇ ಕೈ ಎತ್ತಿದರೆ ಅದು ಭುಜದ ಮೇಲಿನ ಚಪ್ಪರದಂಥ ಮೂಳೆಗೆ ತಾಗುತ್ತದೆ. ಅವೆರಡರ ನಡುವಿನ ಜಾಗ ಸುಮಾರು ಒಂದು ಸೆಂಟಿಮೀಟರ್. ಅದರೊಳಗೇ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೂ ಓಡುತ್ತದೆ. ಕೈ ಎತ್ತುವುದು ಅಂದರೆ ಬರೀ ಎತ್ತುವುದಲ್ಲ, ತಿರುಗಿಸಿಕೊಂಡು ಎತ್ತುವುದು.

ಜಿಮ್ಮಿಗೆ ಹೋಗುವ ಹುಡುಗರ ಭುಜ ಯಾಕೆ ಕೆಡುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಎದೆಯ ದೊಡ್ಡ ಸ್ನಾಯು, ಬೆನ್ನ ಅಗಲದ ಸ್ನಾಯು, ಎರಡೂ ತೋಳನ್ನು ಒಳಕ್ಕೆ ತಿರುಗಿಸುವಂಥವು. ಹುಟ್ಟಿನಿಂದಲೇ ಅವು ದೊಡ್ಡವು. ಕನ್ನಡಿಯಲ್ಲಿ ಕಾಣುವುದೂ ಅವೇ. ಆದ್ದರಿಂದ ವಾರಕ್ಕೆ ಮೂರು ದಿನ ಬೆಂಚ್ ಪ್ರೆಸ್. ಹೊರಕ್ಕೆ ತಿರುಗಿಸುವ ಎರಡು ಪುಟ್ಟ ಸ್ನಾಯುಗಳಿಗೆ ಒಂದು ದಿನವೂ ಇಲ್ಲ. ನಮ್ಮೂರಿನ ಗರಡಿಯಲ್ಲಿ ಸಾಮು ಮಾಡುವವರು ಗದೆ ತಿರುಗಿಸುವುದನ್ನು ನಿಂತು ನೋಡಿ. ಗದೆ ಬೆನ್ನ ಹಿಂದೆ ಇಳಿಯುವಾಗ ತೋಳು ಪೂರ್ತಿ ಹೊರಕ್ಕೆ ತಿರುಗಿರುತ್ತದೆ. ಅಲ್ಲಿಂದ ಮುಂದಕ್ಕೆ ಬರುವಾಗ ಆ ಭಾರ ಬೀಸಿಕೊಂಡು ಹೋಗದಂತೆ ಹಿಂದಿನ ಸ್ನಾಯುಗಳು ತಡೆಯುತ್ತವೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಲು ಸೇರುವ ಜನರಲ್ಲಿ ಹತ್ತರಲ್ಲೊಬ್ಬರಾದರೂ ಮರುದಿನ ಗರಡಿಗೆ ಹೋಗಿ, ಹಗುರವಾದ ಗದೆಯಿಂದ ಶುರು ಮಾಡಿದರೆ ನನಗೆ ತುಂಬಾ ಸಂತೋಷ.

ಇನ್ನೊಂದು ಥರದ ಭುಜ ನಮ್ಮಲ್ಲಿ ಜಾಸ್ತಿಯಾಗಿದೆ. ಕಳೆದ ವರ್ಷ ಐವತ್ತು ದಾಟಿದ ಒಬ್ಬ ಅಕ್ಕ ಬಂದರು. ಖಾನಾವಳಿಗೆ ರೊಟ್ಟಿ ಬಡಿದು ಕೊಡುವವರು. ‘ಕೈ ಹಿಂದಕ್ಕೆ ಹೋಗಲ್ಲ ಮೇಡಂ, ಜಡೆ ಹಾಕ್ಕೊಂಡು ನಾಲ್ಕು ತಿಂಗಳಾಯ್ತು’ ಎಂದರು. ಅಷ್ಟು ದಿನ ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಚ್ಚಿಸಿ ಜಗ್ಗಿಸಿಕೊಂಡಿದ್ದರು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಬಾಗಿಲು ತೆರೆಯುವ ಹಾಗೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ ಎಂದೆ. ಎಡಗೈ ಸಲೀಸಾಗಿ ಹೋಯಿತು. ಬಲಗೈ ಹತ್ತು ಡಿಗ್ರಿಗೇ ನಿಂತಿತು. ನಾನು ಹಿಡಿದು ತಿರುಗಿಸಲು ನೋಡಿದೆ, ಅಲ್ಲೇ ನಿಂತಿತು.

ಈ ಕೊನೆಯ ಮಾತು ಮುಖ್ಯ. ತಾನಾಗಿ ತಿರುಗದ ಕೈ ಬೇರೆಯವರು ಹಿಡಿದರೆ ತಿರುಗುತ್ತದೆ ಎಂದರೆ ಸ್ನಾಯುವೋ ಅದರ ಹುರಿಯೋ ಹರಿದಿರಬಹುದು. ಯಾರು ಹಿಡಿದರೂ ತಿರುಗದಿದ್ದರೆ ಕೀಲಿನ ಸುತ್ತಲಿನ ಚೀಲವೇ ದಪ್ಪಗಾಗಿ ಬಿಗಿದಿರಬಹುದು. ಅದೇ ಫ್ರೋಜನ್ ಶೋಲ್ಡರ್. ಅದರಲ್ಲಿ ಮೊದಲು ಹೋಗುವುದು ಹೊರತಿರುವು. ಸಾಮಾನ್ಯ ಜನರಲ್ಲಿ ಇದು ನೂರಕ್ಕೆ ಎರಡರಿಂದ ಐದು ಜನಕ್ಕೆ ಬಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ಬರುತ್ತದೆ. ಆ ಅಕ್ಕನ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಬಹಳ ಏರಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಉರಿಯುತ್ತಿರುವ ಭುಜವನ್ನು ಜೋರಾಗಿ ಜಗ್ಗಿದರೆ ಅದು ಇನ್ನಷ್ಟು ಉರಿಯುತ್ತದೆ, ಇನ್ನಷ್ಟು ಬಿಗಿಯುತ್ತದೆ. ಸಕ್ಕರೆ ಹತೋಟಿಗೆ ತಂದು, ನೋವು ಜೋರಿದ್ದ ಹಂತದಲ್ಲಿ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ದಿನಕ್ಕೆ ಮೂರು ಸಲ ಕೋಲು ಹಿಡಿದು ಹೊರಕ್ಕೆ ತಿರುಗಿಸುವ ವ್ಯಾಯಾಮ ಮಾಡಿ, ಏಳು ತಿಂಗಳಿಗೆ ಅವರು ಜಡೆ ಹಾಕಿಕೊಂಡು ಬಂದರು. ಏಳು ತಿಂಗಳು ಉದ್ದವೇ. ಆದರೆ ಈ ಕಾಯಿಲೆ ಒಂದರಿಂದ ಮೂರು ವರ್ಷವೂ ಕಾಡುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊಣಕಾಲಿನ ಕಥೆ ಇದಕ್ಕೆ ತಿರುಗುಮುರುಗು. ಭುಜಕ್ಕೆ ತಿರುವು ಸಾಲದೇ ನೋವು, ಮೊಣಕಾಲಿಗೆ ತಿರುವು ಹೆಚ್ಚಾಗಿ ಪೆಟ್ಟು. ಖೋ ಖೋ ಆಡುವ ಒಬ್ಬಳು ಹೈಸ್ಕೂಲ್ ಹುಡುಗಿ ನೆನಪಾಗುತ್ತಾಳೆ. ಕಂಬ ಹಿಡಿದು ಸುತ್ತಿ ತಿರುಗಿದಳು, ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ಮೈ ತಿರುಗಿತು. ಟಪ್ ಅಂತ ಸದ್ದು ತನಗೇ ಕೇಳಿಸಿತು ಎಂದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿಗೆ ಲಿಗಮೆಂಟ್ ಅನ್ನುತ್ತಾರೆ. ಮೊಣಕಾಲಿನೊಳಗೆ ಅಡ್ಡಡ್ಡ ಕಟ್ಟಿದ ಎರಡು ಲಿಗಮೆಂಟ್‌ಗಳಲ್ಲಿ ಮುಂದಿನದು, ಎಸಿಎಲ್, ಹರಿದಿತ್ತು.

ಪಾದ ನೆಲಕ್ಕೆ ತಾಗಿ 50 ಮಿಲಿಸೆಕೆಂಡ್ ಆಗುವುದರೊಳಗೆ ಎಸಿಎಲ್ ಹರಿಯುತ್ತದೆ ಎಂದು ವಿಡಿಯೋ ಇಟ್ಟುಕೊಂಡು ಲೆಕ್ಕ ಹಾಕಿದವರು ಹೇಳುತ್ತಾರೆ. ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಅಪಾಯ ಗೊತ್ತಾಗಿ ಸ್ನಾಯು ಬಿಗಿ ಹಿಡಿಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಂದರೆ ಪಾದ ಇಳಿಯುವ ಮೊದಲೇ ಸ್ನಾಯು ತಯಾರಿರಬೇಕು. ‘ಹುಷಾರಾಗಿ ಆಡಮ್ಮ’ ಎಂದರೆ ಏನೂ ಪ್ರಯೋಜನವಿಲ್ಲ. ಮೈಗೆ ಅಭ್ಯಾಸ ಆಗಿರಬೇಕು. ಹಾಗೆ ತಯಾರಿರಬೇಕಾದ ಸ್ನಾಯು ಯಾವುದು? ಮೊಣಕಾಲಿನದಷ್ಟೇ ಅಲ್ಲ, ತೊಡೆಯ ಬುಡದ ಪಕ್ಕದಲ್ಲಿ, ಕುಂಡಿಯಲ್ಲಿ ಇರುವುದು. ಅದು ಸೋತಿದ್ದರೆ ತೊಡೆ ಒಳಕ್ಕೆ ತಿರುಗುತ್ತದೆ, ಮೊಣಕಾಲು ಒಳಕ್ಕೆ ಕುಸಿಯುತ್ತದೆ, ಪಾದ ಮಾತ್ರ ನೆಲದಲ್ಲಿ ನೆಟ್ಟಿರುತ್ತದೆ. ನಡುವೆ ಸಿಕ್ಕಿಕೊಂಡ ಲಿಗಮೆಂಟು ಬಟ್ಟೆ ಹಿಂಡಿದ ಹಾಗೆ ಹಿಂಡಿಹೋಗುತ್ತದೆ.

ಒಂದೇ ಥರದ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಈ ಪೆಟ್ಟು ಎರಡು ಪಟ್ಟಿಗೂ ಮೀರಿ ಬೀಳುತ್ತದೆ. ಆದರೂ ಶಾಲೆಯ ಮೈದಾನದಲ್ಲಿ ಎರಡು ಸುತ್ತು ಓಡಿಸಿ ಆಟಕ್ಕೆ ಬಿಡುತ್ತಾರೆ. ಫುಟ್‌ಬಾಲಿನವರು ಫಿಫಾ 11 ಪ್ಲಸ್ ಎಂಬ ಇಪ್ಪತ್ತು ನಿಮಿಷದ ತಾಲೀಮು ಮಾಡಿಕೊಂಡಿದ್ದಾರೆ. ದುಡ್ಡಿನ ಸಲಕರಣೆ ಏನೂ ಬೇಡ. ನೆಗೆದು ಮೆತ್ತಗೆ ಇಳಿಯುವುದು, ಇಳಿಯುವಾಗ ಮೊಣಕಾಲು ಪಾದದ ನೇರಕ್ಕೇ ಇರುವಂತೆ ನೋಡಿಕೊಳ್ಳುವುದು, ಒಂದೇ ಕಾಲಲ್ಲಿ ಬಸ್ಕಿ, ಓಡುತ್ತಾ ದಿಕ್ಕು ಬದಲಿಸುವುದು. ಇಂಥ ತಾಲೀಮನ್ನು ತಪ್ಪದೇ ಮಾಡಿಸಿದ ಕಡೆ ಎಸಿಎಲ್ ಪೆಟ್ಟು ಸುಮಾರು ಅರ್ಧಕ್ಕೆ ಇಳಿದಿದೆ. ನಮ್ಮ ಪಿಇ ಮೇಷ್ಟ್ರುಗಳು ಈ ಇಪ್ಪತ್ತು ನಿಮಿಷವನ್ನು ವಾರಕ್ಕೆ ಎರಡು ದಿನ ಕೊಟ್ಟರೆ ಎಷ್ಟು ಹುಡುಗಿಯರ ಆಟ ಉಳಿಯುತ್ತದೆ! ಆ ಹುಡುಗಿಯ ಅಪ್ಪ ‘ಆಟ ಸಾಕು, ಓದ್ಕೊಳ್ಳಲಿ’ ಎಂದುಬಿಟ್ಟರು. ಅವರನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ.

ಮೊಣಕಾಲು ನೋವು ಅಂತ ಬರುವ ದೊಡ್ಡವರಲ್ಲೂ ನಾನು ಮೊದಲು ತೊಡೆಯ ಬುಡವನ್ನೇ ನೋಡುತ್ತೇನೆ. ಕುರ್ಚಿಯಲ್ಲಿ ಕೂತು, ಮೊಣಕಾಲನ್ನು ಇದ್ದಲ್ಲೇ ಇಟ್ಟು, ಪಾದವನ್ನು ಹೊರಕ್ಕೆ ಸರಿಸಿ. ಪಾದ ಹೊರಕ್ಕೆ ಹೋದರೆ ತೊಡೆ ಒಳಕ್ಕೆ ತಿರುಗುತ್ತದೆ. ಹಿಪ್ ಸವೆಯಲು ಶುರುವಾದಾಗ ಮೊದಲು ಕಡಿಮೆಯಾಗುವ ತಿರುವು ಇದೇ, ಅದರ ನೋವು ಎಷ್ಟೋ ಸಲ ಮೊಣಕಾಲಿನಲ್ಲಿ ಕಾಣಿಸುತ್ತದೆ.

ಹೈಸ್ಕೂಲ್ ಮೈದಾನದಲ್ಲಿ ಜೋರಾಗಿ ಬೌಲಿಂಗ್ ಮಾಡುವ ಹುಡುಗರಿಗೂ ಒಂದು ಮಾತು. ನಮ್ಮೂರಿನ ವಿನಯ್ ಕುಮಾರ್ 2013–14 ರಲ್ಲೂ 2014–15 ರಲ್ಲೂ ನಾಯಕನಾಗಿ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದ ಮೇಲೆ ಇಲ್ಲಿ ಅವರ ಹಾಗೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಅನ್ನಿಸಿಕೊಳ್ಳಬೇಕೆನ್ನುವ ಹುಡುಗರಿಗೆ ಕೊರತೆ ಇಲ್ಲ. ಬೌಲ್ ಮಾಡುವಾಗ ಸೊಂಟ ಒಂದು ದಿಕ್ಕು, ಭುಜ ಒಂದು ದಿಕ್ಕು ನೋಡುತ್ತಿದ್ದು ಅಲ್ಲಿಂದ ತಿರುಚಿಕೊಂಡು ಬಂದರೆ, ಹತ್ತು ಡಿಗ್ರಿ ಪಾಲಿನ ಸೊಂಟದ ಮೂಳೆಗಳು ಆ ಪೂರ್ತಿ ತಿರುಚನ್ನು ತಿನ್ನುತ್ತವೆ, ಕೂದಲೆಳೆಯ ಬಿರುಕು ಬಿಡುತ್ತವೆ. ಬೌಲ್ ಮಾಡುವ ಹುಡುಗನಿಗೆ ಎರಡು ವಾರ ದಾಟಿದ ಸೊಂಟ ನೋವಿದ್ದರೆ ಸುಮ್ನೆ ಸ್ಪ್ರೇ ಹೊಡೆದು ಆಡಿಸಬೇಡಿ. ಸಾದಾ ಎಕ್ಸ್‌ರೇಯಲ್ಲಿ ಈ ಬಿರುಕು ತಪ್ಪಿಹೋಗಬಹುದು.

ಸೊಂಟದ ಮಾತು ಬಂದರೆ ನನಗೆ ಹಮಾಲರೇ ಕಣ್ಣಿಗೆ ಬರುತ್ತಾರೆ. ‘ಚಳುಕು ಹಿಡಿದಿದೆ ಮೇಡಂ’ ಎಂದು ಮೈ ಒಂದು ಕಡೆ ವಾಲಿಸಿಕೊಂಡು ಬರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಹೋಗಿ ಬೆನ್ನಿಗೆ ಒದೆಸಿಕೊಂಡೂ ಆಗಿರುತ್ತದೆ. ಚಳುಕು ಎಷ್ಟೋ ಸಲ ಒಂದೆರಡು ವಾರದಲ್ಲಿ ತಾನೇ ಬಿಡುತ್ತದೆ. ಒದ್ದವರಿಗೆ ಹೆಸರು ಬರುತ್ತದೆ. ಆರು ತಿಂಗಳಿಗೆ ಮತ್ತೆ ಹಿಡಿಯುತ್ತದೆ, ಯಾಕೆಂದರೆ ಕೆಲಸದ ರೀತಿ ಬದಲಾಗಿಲ್ಲ.

ಸೊಂಟದ ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗೆ ಇರುವ ಡಿಸ್ಕು ಈರುಳ್ಳಿಯಂತೆ ಪದರ ಪದರ. ಒಂದು ಪದರದ ಎಳೆಗಳು ಈ ಕಡೆಗೆ ಓರೆ, ಮುಂದಿನದರವು ಆ ಕಡೆಗೆ ಓರೆ. ಸೊಂಟ ತಿರುಚಿದಾಗ ಒಂದು ದಿಕ್ಕಿನ ಎಳೆಗಳು ಬಿಗಿಯುತ್ತವೆ, ಇನ್ನೊಂದು ದಿಕ್ಕಿನವು ಸಡಿಲಾಗುತ್ತವೆ. ಅಂದರೆ ತಿರುಚನ್ನು ತಡೆಯಲು ಉಳಿಯುವುದು ಅರ್ಧ ಎಳೆಗಳು. ಬಗ್ಗಿ, ಭಾರ ಎತ್ತಿ, ಆಮೇಲೆ ತಿರುಗುವುದು, ಈ ಮೂರೂ ಒಟ್ಟಿಗೆ ಆದಾಗ ಪೆಟ್ಟು ಬೀಳುತ್ತದೆ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆಗೆಂದೇ ಇರುವ ನಯಾಶ್ ಸಂಸ್ಥೆ ಇದಕ್ಕೊಂದು ಲೆಕ್ಕ ಮಾಡಿಟ್ಟಿದೆ. ಎಲ್ಲ ಅನುಕೂಲ ಇದ್ದಾಗ ಎತ್ತಬಹುದಾದ ಭಾರ 23 ಕಿಲೋ. ಮೈಯನ್ನು ಪಕ್ಕಕ್ಕೆ 90 ಡಿಗ್ರಿ ತಿರುಗಿಸಬೇಕಾದರೆ ಅದೇ 16 ಕಿಲೋಗೆ ಇಳಿಯುತ್ತದೆ. ಭಾರ ಒಂದು ಗ್ರಾಂ ಹೆಚ್ಚಾಗಿಲ್ಲ, ತಿರುವು ಒಂದೇ ಏಳು ಕಿಲೋ ತಿಂದುಹಾಕಿತು. ನಮ್ಮ ಹಮಾಲರು ಎತ್ತುವುದು ಐವತ್ತು ಕಿಲೋ ಮೇಲಿನ ಮೆಕ್ಕೆಜೋಳದ ಚೀಲ.

ಚೀಲ ಬೆನ್ನ ಮೇಲೆ ಹೊತ್ತು ನಡೆಯುವಾಗ ಅಷ್ಟು ತೊಂದರೆ ಇಲ್ಲ. ಎತ್ತಿ ಪಕ್ಕಕ್ಕೆ ಹಾಕುವಾಗ, ಲಾಟಿನ ಮೇಲೆ, ಅಂದರೆ ಒಟ್ಟಿದ ಚೀಲಗಳ ಸಾಲಿನ ಮೇಲೆ, ಕೂರಿಸುವಾಗ ಇದೆ. ಪರಿಹಾರ ಹೇಳುವುದು ಸುಲಭ: ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ. ಹೆಜ್ಜೆ ಇಟ್ಟರೆ ತಿರುವು ತೊಡೆಯ ಬುಡಕ್ಕೆ ಹೋಗುತ್ತದೆ, ಅದಕ್ಕೆ ಅಷ್ಟು ಪಾಲು ಇದೆ. ವರ್ಷಾನುಗಟ್ಟಲೆ ನಾನು ಇದನ್ನೇ ಹೇಳಿ ಕಳಿಸುತ್ತಿದ್ದೆ. ಎರಡು ಸಲ ಬಂದು ಹೋಗಿದ್ದ ಒಬ್ಬರು ಮೂರನೇ ಸಲ ಬಂದಾಗ ‘ಹೆಜ್ಜೆ ತಿರುಗಿಸೋಕೆ ಜಾಗ ಎಲ್ಲಿದೆ ಮೇಡಂ?’ ಎಂದು ಕೇಳಿದರು. ಮರುದಿನ ಅವರು ಕೆಲಸ ಮಾಡುವ ದಲಾಲಿ ಅಂಗಡಿಗೆ ಹೋದೆ. ಎರಡು ಲಾಟಿನ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಪಾದ ತಿರುಗಿಸಿದರೆ ಮೊಣಕೈ ಚೀಲಕ್ಕೆ ತಾಗುತ್ತದೆ. ಕೂಲಿ ಚೀಲಕ್ಕಿಷ್ಟು ಎಂದು ಇರುವಾಗ ಎರಡು ಹೆಜ್ಜೆ ಹೆಚ್ಚು ಅಂದರೆ ಸಂಜೆಗೆ ಅಷ್ಟು ಚೀಲ ಕಡಿಮೆ. ಅವರ ಸೊಂಟ ತಿರುಚುತ್ತಿದ್ದದ್ದು ಗೊತ್ತಿಲ್ಲದೇ ಅಲ್ಲ.

ಅಂಗಡಿಯ ಯಜಮಾನರ ಜೊತೆ ಕೂತು ಮಾತಾಡಿದೆ. 16 ಕಿಲೋ ಲೆಕ್ಕ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಣ್ಣನಿಗೂ ಡಿಸ್ಕ್ ಆಪರೇಷನ್ ಆಗಿದೆ ಎಂದರು. ಮುಂದಿನ ವಾರ ಹೋದಾಗ ಲಾಟುಗಳ ನಡುವೆ ಮೂರೂವರೆ ಅಡಿ ಬಿಟ್ಟಿದ್ದರು, ಚೀಲ ನೆಲದಿಂದ ಎತ್ತದ ಹಾಗೆ ತೂಕದ ಯಂತ್ರದ ಪಕ್ಕ ಸೊಂಟದೆತ್ತರಕ್ಕೆ ಒಂದು ಹಲಗೆ ಹಾಕಿಸಿದ್ದರು. ಸುಗ್ಗಿಗೆ ಇನ್ನೂ ಎರಡು ತಿಂಗಳಿತ್ತು. ಮೆಕ್ಕೆಜೋಳ ಬಂದು ಅಂಗಳದ ತನಕ ಚೀಲ ತುಂಬಿದಾಗಲೂ ಆ ಮೂರೂವರೆ ಅಡಿ ಬಿಡಬೇಕೆಂದು ಕೇಳಿಕೊಂಡು ಬಂದಿದ್ದೇನೆ.